ಸಿಡ್ನಿಯಿಂದ ಮೆಲ್ಬರ್ನ್‌ಗೆ ಆರು ಹಾಲ್ಟ್

ಜನವರಿಯ ಆ ಭಾನುವಾರ ಸಿಡ್ನಿಯ ಪಶ್ಚಿಮ ಬಡಾವಣೆಗಳಲ್ಲಿ ಬಿಸಿಲು ನಲವತ್ತು ಡಿಗ್ರಿಗೆ ಮುಟ್ಟಿತ್ತು. ಹೊರಗೆ ಕಾಲಿಡುವಂತಿರಲಿಲ್ಲವಾದ್ದರಿಂದ, ಎರಡು ವಾರಗಳಿಂದ ಮುಂದೂಡುತ್ತ ಬಂದಿದ್ದ ಕೆಲಸವನ್ನು ಅಂದೇ ಮುಗಿಸಿಬಿಡೋಣವೆಂದು ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತೆ. ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು, ಒಳಗೇ ಹಾಸಿಗೆ, ಒಲೆಗಳಿರುವ ಕ್ಯಾಂಪರ್‌ವ್ಯಾನಿನಲ್ಲಿ ಸಮುದ್ರದ ದಂಡೆಯುದ್ದಕ್ಕೂ ಮೆಲ್ಬರ್ನ್‌ವರೆಗೆ ಕರೆದೊಯ್ಯಬೇಕು, ಏಳು ದಿನ, ಆರು ರಾತ್ರಿ ಎಂಬಷ್ಟು ಮಾತ್ರ ನಿಶ್ಚಯವಾಗಿತ್ತು. ಉಳಿದದ್ದೆಲ್ಲ ನನ್ನ ತಲೆಯಲ್ಲಿ ಚಿತ್ರಗಳಾಗಿತ್ತೇ ಹೊರತು ಲೆಕ್ಕವಾಗಿರಲಿಲ್ಲ.

ಸಿಡ್ನಿಯಿಂದ ಮೆಲ್ಬರ್ನ್‌ಗೆ ಒಳನಾಡಿನ ಹ್ಯೂಮ್ ಹೆದ್ದಾರಿಯಲ್ಲಿ ಹೋದರೆ ಸುಮಾರು 880 ಕಿಲೋಮೀಟರ್, ಒಂಬತ್ತು ಗಂಟೆಯ ದಾರಿ. ಅವಸರದ ಕೆಲಸವಿದ್ದವರು ಆ ದಾರಿ ಹಿಡಿಯುತ್ತಾರೆ. ಕರಾವಳಿಯ ದಾರಿಯ ಹೆಸರು ಪ್ರಿನ್ಸಸ್ ಹೆದ್ದಾರಿ. 1920ರಲ್ಲಿ ಇಲ್ಲಿಗೆ ಭೇಟಿ ಕೊಟ್ಟಿದ್ದ ಬ್ರಿಟನ್ನಿನ ಯುವರಾಜನ ನೆನಪಿಗೆ ಇಟ್ಟದ್ದು. ಅದು ಸಾವಿರ ಕಿಲೋಮೀಟರ್ ದಾಟುತ್ತದೆ. ಅಲ್ಲಲ್ಲಿ ಸಮುದ್ರದ ಕಡೆಗೆ ಹೊರಳಿ ಹೋಗಿ ಬಂದರೆ ಸಾವಿರದ ಇನ್ನೂರರ ಹತ್ತಿರ. ನಾನು ಫೋನಿನ ನಕ್ಷೆಯಲ್ಲಿ ಹನ್ನೆರಡು ಊರುಗಳಿಗೆ ಗುರುತು ಹಾಕಿ, ಎಲ್ಲೆಲ್ಲಿ ಮರಳು ಬೆಳ್ಳಗಿದೆಯೋ ಅಲ್ಲೆಲ್ಲ ವ್ಯಾನ್ ನಿಲ್ಲಿಸಿ, ಹಿಂಬಾಗಿಲು ತೆರೆದು, ಸಮುದ್ರ ನೋಡುತ್ತ ಕಾಫಿ ಕುಡಿಯುವ ಯೋಜನೆಯೊಂದನ್ನು ಅಪ್ಪನಿಗೆ ಉತ್ಸಾಹದಿಂದ ವಿವರಿಸಿದೆ.

ಅಪ್ಪ ಕೊನೆಯವರೆಗೂ ಕೇಳಿ, "ಅಂದ್ರೆ ಬಸ್ಸಲ್ಲೇ ಮಲಗೋದು. ಅದಕ್ಕೆ ನಾವೇ ದುಡ್ಡು ಕೊಡಬೇಕಾ?" ಎಂದರು.

ನನ್ನ ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಅವರ ಸೇವೆಯ ಬಹುಪಾಲು ಕಳೆದದ್ದು ಹಾಲ್ಟಿಂಗ್ ಬಸ್ಸುಗಳಲ್ಲಿ. ಚಳ್ಳಕೆರೆಯಿಂದ ಸಂಜೆ ಹೊರಟು, ಡಾಂಬರು ಮುಗಿಯುವ ಕಡೆಯ ಹಳ್ಳಿಗೆ ರಾತ್ರಿ ಎಂಟೂವರೆ ಒಂಬತ್ತಕ್ಕೆ ಮುಟ್ಟಿ, ಅಲ್ಲೇ ತಂಗಿ, ಬೆಳಗಿನ ಐದೂವರೆಗೆ ಕಾಲೇಜಿನ ಮಕ್ಕಳನ್ನೂ ಹಾಲಿನ ಕ್ಯಾನುಗಳನ್ನೂ ಹತ್ತಿಸಿಕೊಂಡು ವಾಪಸು ಬರುವ ಬಸ್ಸುಗಳವು. ಡ್ರೈವರ್ ಉದ್ದನೆಯ ಹಿಂದಿನ ಸೀಟಿನಲ್ಲಿ, ಕಂಡಕ್ಟರ್ ಟಿಕೆಟ್ ಪೆಟ್ಟಿಗೆಯನ್ನು ತಲೆದೆಸೆಗೆ ಇಟ್ಟುಕೊಂಡು ಮೂರು ಜನರ ಸೀಟಿನಲ್ಲಿ ಮಲಗುತ್ತಿದ್ದರು. ಮುಖ ತೊಳೆಯುವುದು ಊರಿನ ಬೋರ್‌ವೆಲ್‌ನಲ್ಲಿ. ಒಮ್ಮೊಮ್ಮೆ ಯಾರದೋ ಮನೆಯಿಂದ ಮುದ್ದೆ ಸಾರು ಬರುತ್ತಿತ್ತು. ನಾನು ಬಾಡಿಗೆಗೆ ತೆಗೆದುಕೊಳ್ಳಲು ಹೊರಟಿದ್ದ ಹೊಸ ಅನುಭವವನ್ನು ಅಪ್ಪ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಬಳಕ್ಕೆ ಮಾಡಿದ್ದರೆಂಬುದು, ಬಹುಶಃ ಅವರ ಮಗಳಾದ ನನಗೇ ಮೊದಲು ಹೊಳೆಯಬೇಕಿತ್ತು.

"ನೈಟ್ ಹಾಲ್ಟ್‌ಗೆ ಜಾಗ ಗೊತ್ತು ಮಾಡ್ದೆ ಗಾಡಿ ಬಿಡಬಾರ್ದವ್ವಾ" ಎಂದು ಅವರು ಕನ್ನಡಕ ಹಾಕಿಕೊಂಡು ನನ್ನ ಪಕ್ಕದ ಕುರ್ಚಿಗೆ ಬಂದರು. ಸಮುದ್ರದ ಎದುರೇ ನಿಲ್ಲಿಸುವ ನನ್ನ ಆಸೆ ಅಲ್ಲಿಗೇ ಬಿತ್ತು. ಕರಾವಳಿಯ ಊರುಗಳ ಬಹುತೇಕ ಕಡೆ ಪುರಸಭೆಗಳು ದಂಡೆಯ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಮಲಗುವುದನ್ನು ನಿಷೇಧಿಸಿ ಫಲಕ ನೆಟ್ಟಿರುತ್ತವೆ, ಮೀರಿದವರಿಗೆ ದಂಡವಿದೆ. ಸಿಡ್ನಿಯಿರುವ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನಗಳ ತಂಗುದಾಣಗಳನ್ನೂ ಮುಂಗಡವಾಗಿ ಕಾಯ್ದಿರಿಸಲೇಬೇಕು. ಉಳಿದದ್ದು ಕ್ಯಾರವಾನ್ ಪಾರ್ಕುಗಳು: ವ್ಯಾನಿಗೆ ಕರೆಂಟಿನ ಸಂಪರ್ಕ, ನೀರಿನ ನಲ್ಲಿ, ಬಿಸಿನೀರಿನ ಸ್ನಾನದ ಮನೆ, ಸಾಮೂಹಿಕ ಅಡುಗೆಮನೆ ಎಲ್ಲವೂ ಇರುವ ಜಾಗಗಳು. ನಾನು ಮೊದಲು ಆರಿಸಿದ್ದು ಈಸ್ಟರ್ ವಾರವನ್ನು, ರಜೆ ಕಡಿಮೆ ಖರ್ಚಾಗುತ್ತದೆಂಬ ಲೆಕ್ಕದಲ್ಲಿ. ವಿಚಾರಿಸಿದ ಮೊದಲ ನಾಲ್ಕು ಪಾರ್ಕುಗಳಲ್ಲಿ ಎರಡು ಭರ್ತಿಯಾಗಿದ್ದವು, ಇನ್ನೆರಡು ಕನಿಷ್ಠ ನಾಲ್ಕು ರಾತ್ರಿ ತಂಗಿದರೆ ಮಾತ್ರ ಜಾಗವೆಂದವು. ಜಾತ್ರೆಯ ದಿನ ಊರಿಗೆ ಹೋಗಿ ಬಸ್ಸಿನಲ್ಲಿ ಸೀಟಿಲ್ಲವೆಂದು ದೂರಿದರೆ ಯಾರ ತಪ್ಪು? ಮಾರ್ಚ್ ತಿಂಗಳ ನಡುವಿನ ವಾರಕ್ಕೆ ಬದಲಾಯಿಸಿದೆವು. ಬೇಸಿಗೆಯ ಗದ್ದಲ ಇಳಿದಿರುತ್ತದೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಶಾಲೆಗಳು ನಡೆಯುತ್ತಿರುತ್ತವೆ.

ವ್ಯಾನಿನ ಆಯ್ಕೆಗೆ ಬಂದಾಗ ಅಮ್ಮ ಅಡುಗೆಮನೆಯಿಂದ ಹೊರಬಂದರು. ನಾಲ್ಕು ಜನ ಮಲಗಬಹುದಾದ ವ್ಯಾನೆಂದರೆ ಎಲ್ಲ ಹಾಸಿಗೆಗಳೂ ಒಂದೇ ಬಗೆಯವಲ್ಲ. ಒಂದು, ಡ್ರೈವರ್ ಸೀಟಿನ ಮೇಲಿನ ಅಟ್ಟ. ಪುಟ್ಟ ಏಣಿ ಹತ್ತಿ, ತಲೆ ತಗ್ಗಿಸಿ ತೆವಳಿಕೊಂಡು ಹೋಗಬೇಕು. ಇನ್ನೊಂದು, ಹಗಲೆಲ್ಲ ಊಟದ ಮೇಜಾಗಿದ್ದು ರಾತ್ರಿ ಅದನ್ನೇ ಇಳಿಸಿ ದಿಂಬುಗಳನ್ನು ಜೋಡಿಸಿದರೆ ಹಾಸಿಗೆಯಾಗುವಂಥದು. ಅಟ್ಟ ನನಗೂ ನನ್ನ ಪತಿಗೂ, ಮೇಜು ಅಪ್ಪ ಅಮ್ಮನಿಗೂ ಎಂಬ ತೀರ್ಮಾನ ಸುಲಭವಾಗಿ ಆಯಿತು. ಆದರೆ ವ್ಯಾನಿನ ಒಳನೋಟದ ನಕ್ಷೆಯನ್ನು ದೊಡ್ಡದು ಮಾಡಿ ತೋರಿಸಿದಾಗ ಅಮ್ಮನ ಕಣ್ಣು ನಿಂತದ್ದು ಒಂದೇ ಕಡೆ. ಗ್ಯಾಸ್ ಒಲೆ ಇಲ್ಲಿ, ಅದರ ಎದುರಿಗೇ ಪ್ಲಾಸ್ಟಿಕ್ಕಿನ ಬಾಗಿಲು, ಬಾಗಿಲ ಹಿಂದೆ ಕಕ್ಕಸು. ಒಲೆಗೂ ಅದಕ್ಕೂ ನಡುವೆ ಒಂದು ಮಾರು ಜಾಗವಿರಲಿಲ್ಲ.

ಅಮ್ಮ ಏನೂ ಹೇಳಲಿಲ್ಲ. ಅವರು ಏನೂ ಹೇಳದಿರುವುದು ನಮ್ಮ ಮನೆಯಲ್ಲಿ ಒಂದು ಬಗೆಯ ತೀರ್ಪು. ಆ ಕಕ್ಕಸಿನ ಕೆಳಗೆ ಇಪ್ಪತ್ತು ಲೀಟರಿನಷ್ಟರ ಒಂದು ಪೆಟ್ಟಿಗೆ ಇರುತ್ತದೆ, ಅದನ್ನು ಹೊರಗಿನಿಂದ ಎಳೆದು, ಪಾರ್ಕುಗಳಲ್ಲಿ ಅದಕ್ಕೆಂದೇ ಇರುವ ಗುಂಡಿಯಲ್ಲಿ ಖಾಲಿ ಮಾಡಿ, ತೊಳೆದು, ರಾಸಾಯನಿಕ ಹಾಕಿ ಮತ್ತೆ ಒಳಗೆ ತಳ್ಳಬೇಕೆಂಬುದನ್ನು ನಾನು ತಗ್ಗಿದ ದನಿಯಲ್ಲಿ ವಿವರಿಸಿದೆ. ಯಾರು ಖಾಲಿ ಮಾಡುವವರು ಎಂಬ ಪ್ರಶ್ನೆ ಮೇಜಿನ ಸುತ್ತ ಒಂದು ಸುತ್ತು ಹಾಕಿತು. "ಅದು ನನಗಿರಲಿ ಅತ್ತೆ" ಎಂದು ನನ್ನ ಪತಿ ಕೊನೆಗೆ ಹೇಳಿದರು. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವರ ಯಾವ ಮಾತೂ ನಮ್ಮ ಅಮ್ಮನ ಮೇಲೆ ಅಷ್ಟು ಪರಿಣಾಮ ಬೀರಿರಲಿಲ್ಲ. ರಾತ್ರಿಯ ತುರ್ತಿಗೆ ಬಿಟ್ಟರೆ ಅದನ್ನು ಬಳಸುವುದಿಲ್ಲ, ಬೆಳಗಿನ ಕೆಲಸಗಳಿಗೆಲ್ಲ ಪಾರ್ಕಿನ ವ್ಯವಸ್ಥೆಯೇ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಆಮೇಲೆ ಅಮ್ಮ ಕೇಳಿದ್ದು ನೀರು.

"ಟ್ಯಾಂಕಿ ಎಷ್ಟು ಕೊಡ ಹಿಡಿಯುತ್ತೆ?"

ಎಂಬತ್ತು ಲೀಟರ್ ಎಂದೆ. ಕೊಡವೆಂದರೆ ಸುಮಾರು ಹದಿನೈದು ಲೀಟರ್. ಅಮ್ಮ ಬೆರಳ ಗೆಣ್ಣು ಎಣಿಸಿ, "ಐದು ಕೊಡ, ಮೇಲೊಂದು ಚೊಂಬು" ಎಂದರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ, ವಾರಕ್ಕೊಮ್ಮೆ ಬರುವ ನಲ್ಲಿಯನ್ನು ನಂಬಿ ಸಂಸಾರ ನಡೆಸಿದವರಿಗೆ ಐದು ಕೊಡ ನೀರಿನಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಡಿಯಲು, ಅಡುಗೆಗೆ ಒಂದು ಕೊಡ. ಪಾತ್ರೆಗೆ ಒಂದು, ಅದೂ ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿದರೆ. ಕೈಕಾಲು ಮುಖಕ್ಕೆ ಒಂದು. ಸ್ನಾನ ವ್ಯಾನಿನಲ್ಲಿ ಯಾರಿಗೂ ಇಲ್ಲ. ಅಂದರೆ ಒಮ್ಮೆ ತುಂಬಿಸಿದರೆ ಒಂದೂವರೆ ದಿನ ನಿಶ್ಚಿಂತೆ. ಪಾತ್ರೆ ತೊಳೆದ ನೀರು ಕೂಡ ಕೆಳಗೆ ಇನ್ನೊಂದು ಟ್ಯಾಂಕಿಯಲ್ಲಿ ಶೇಖರವಾಗುತ್ತದೆ, ಅದನ್ನು ರಸ್ತೆಗೆ ಬಿಡುವಂತಿಲ್ಲ, ಪಾರ್ಕಿನಲ್ಲೇ ಖಾಲಿ ಮಾಡಬೇಕು ಎಂದಾಗ, "ಗಿಡಕ್ಕಾದ್ರೂ ಹಾಕಬಾರ್ದಾ?" ಎಂದು ಬೇಸರಪಟ್ಟರು. ನಾನು ನೋಡಿದ ಕ್ಯಾಂಪರ್‌ವ್ಯಾನ್ ಸಲಹೆಗಳಲ್ಲೆಲ್ಲ ಟ್ಯಾಂಕಿನ ಅಳತೆ ಇತ್ತು; ಅದನ್ನು ನಾಲ್ಕು ಜನರ ಒಂದು ದಿನಕ್ಕೆ ಹಂಚಿ ತೋರಿಸಿದ್ದು ಎಲ್ಲಿಯೂ ಇರಲಿಲ್ಲ.

ಅಡುಗೆಯ ವಿಷಯ ಬೇಗ ಮುಗಿಯಿತು. ವ್ಯಾನ್ ಓಡುವಾಗ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕಾದ್ದರಿಂದ ದಾರಿಯಲ್ಲಿ ಚಹಾ ಕೂಡ ಗಾಡಿ ನಿಲ್ಲಿಸಿಯೇ. ದೋಸೆ ಹಿಟ್ಟು ಬೇಡವೆಂದು ಅಮ್ಮನೇ ಹೇಳಿದರು: ಸೆಖೆಗೆ ಉಬ್ಬಿ, ತಿರುವಿನಲ್ಲಿ ಮುಚ್ಚಳ ಹಾರಿದರೆ ಹಾಸಿಗೆಯ ಗತಿಯೇನು? ಮುದ್ದೆ ತೊಳಸಲು ಆ ಪುಟ್ಟ ಒಲೆ ತಡೆಯುವುದಿಲ್ಲ, ಅದು ಪಾರ್ಕಿನ ಅಡುಗೆಮನೆಯಲ್ಲಿ. ಕೋಲು ಮಾತ್ರ ಮನೆಯಿಂದಲೇ ಬರಬೇಕು.

ಈ ನಡುವೆ ಅಪ್ಪ ನನ್ನ ಹನ್ನೆರಡು ಊರುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಬ್ಯಾಂಕಿನಿಂದ ಬಂದಿದ್ದ ಕಾಗದದ ಹಿಂಬದಿಯಲ್ಲಿ ಸ್ಕೇಲಿಲ್ಲದೆಯೇ ನೇರವಾದ ಗೆರೆಗಳನ್ನು ಎಳೆದಿದ್ದರು. ಬಿಡುವ ಸಮಯ, ಸೇರುವ ಸಮಯ, ಕಿಲೋಮೀಟರ್, ಡೀಸೆಲ್, ಹಾಲ್ಟ್, ಕೊನೆಗೆ ಡ್ರೈವರ್ ಮತ್ತು ಕಂಡಕ್ಟರ್. ಡಿಪೋದ ಟ್ರಿಪ್ ಶೀಟು. ಫೋನು ಮೂರು ಗಂಟೆಯೆಂದು ತೋರಿಸಿದ ಕಡೆಯೆಲ್ಲ ಅವರು ನಾಲ್ಕು ಬರೆದರು. "ಅದು ಕಾರಿನ ಟೈಮು. ಎತ್ತರದ ಗಾಡಿ, ಮೇಲೆ ಸಾಮಾನು, ಗಾಳಿ ಬೇರೆ ಹೊಡೀತದೆ" ಎಂಬುದು ಅವರ ಸಮಜಾಯಿಷಿ. ಬಾಡಿಗೆ ಸಂಸ್ಥೆಗೆ ಫೋನು ಮಾಡಿದಾಗ ಮೊದಲ ದಿನದ ಲೆಕ್ಕವೇ ತಲೆಕೆಳಗಾಯಿತು: ವ್ಯಾನ್ ಕೈಗೆ ಸಿಗುವುದು ಮಧ್ಯಾಹ್ನದ ಮೇಲೆ, ಕೊಂಡೊಯ್ಯುವ ಮುನ್ನ ಒಂದು ಗಂಟೆಯ ತರಬೇತಿ ಬೇರೆ. ಮೊದಲ ರಾತ್ರಿಗೇ ಬೇಟ್‌ಮನ್ಸ್ ಬೇ ಸೇರಬೇಕೆಂದು 280 ಕಿಲೋಮೀಟರ್ ಬರೆದುಕೊಂಡಿದ್ದ ನಾನು ಅದನ್ನು ಕಾಟು ಹಾಕಿದೆ. ಸಿಡ್ನಿಯಲ್ಲಿ ತೆಗೆದುಕೊಂಡು ಮೆಲ್ಬರ್ನ್‌ನಲ್ಲಿ ಬಿಡುವುದಕ್ಕೆ ಪ್ರತ್ಯೇಕ ಶುಲ್ಕವಿದೆಯೆಂಬುದು ತಿಳಿದದ್ದೂ ಆಗಲೇ; ಜಾಲತಾಣದಲ್ಲಿ ದಿನದ ಬಾಡಿಗೆಯನ್ನಷ್ಟೇ ನೋಡಿ ಹಿಗ್ಗಿದ್ದ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೊಸ ಹಾಳೆಯಲ್ಲಿ ಮೊದಲ ದಿನ ನೂರಿಪ್ಪತ್ತು ಕಿಲೋಮೀಟರ್ ಮಾತ್ರ ಉಳಿಯಿತು. ಸಿಡ್ನಿಯ ದಕ್ಷಿಣಕ್ಕೆ, ಹೆಲೆನ್ಸ್‌ಬರ್ಗ್‌ನ ಕಾಡಿನ ಅಂಚಿನಲ್ಲಿ 1985ರಲ್ಲಿ ಪ್ರತಿಷ್ಠೆಯಾದ ವೆಂಕಟೇಶ್ವರ ದೇವಸ್ಥಾನವಿದೆ. ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಅಲ್ಲಿಯೇ ಎಂದು ಅಮ್ಮ ಹೇಳಿದರು. ಅಲ್ಲಿಂದ ಇಳಿಜಾರು, ಬಂಡೆಯ ಮಗ್ಗುಲಿಗೆ ಸಮುದ್ರದ ಮೇಲೆಯೇ ಕಟ್ಟಿದ 665 ಮೀಟರ್ ಉದ್ದದ ಸೀ ಕ್ಲಿಫ್ ಸೇತುವೆ ದಾಟಿ, ಅಲೆ ಬಡಿದಾಗ ಕಲ್ಲಿನ ಬಾಯಿಯಿಂದ ನೀರು ಚಿಮ್ಮುವ ಕಯಾಮಾದಲ್ಲಿ ಮೊದಲ ಹಾಲ್ಟ್. ಎರಡನೆಯದು ಜರ್ವಿಸ್ ಬೇ, ಮೂರನೆಯದು ನರೂಮಾ. ಈ ಎರಡರ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ನಾಲ್ಕನೆಯ ಹಾಲ್ಟ್ ಈಡನ್. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿ ಸತ್ತ ಓಲ್ಡ್ ಟಾಮ್ ಎಂಬ ಓರ್ಕಾದ, ಅಂದರೆ ಬೇಟೆಗಾರ ತಿಮಿಂಗಿಲದ, ಅಸ್ಥಿಪಂಜರವಿದೆ. ಟೂಫೋಲ್ಡ್ ಕೊಲ್ಲಿಯಲ್ಲಿ ಓರ್ಕಾಗಳ ಹಿಂಡು ದೊಡ್ಡ ತಿಮಿಂಗಿಲಗಳನ್ನು ದಡದತ್ತ ಅಟ್ಟಿಕೊಂಡು ಬರುತ್ತಿತ್ತಂತೆ, ದೋಣಿಯವರು ಈಟಿಯಿಂದ ಹೊಡೆದ ಮೇಲೆ ಸತ್ತ ತಿಮಿಂಗಿಲದ ನಾಲಿಗೆ, ತುಟಿಗಳನ್ನು ಓರ್ಕಾಗಳಿಗೆ ಬಿಟ್ಟುಕೊಡುತ್ತಿದ್ದರಂತೆ ಎಂದು ನಾನು ಓದಿ ಹೇಳಿದೆ. "ಬಾಟಾ ಕೊಡ್ತಿದ್ರು ಅನ್ನು" ಎಂದು ಅಪ್ಪ ಈಡನ್ನಿನ ಎದುರು ಒಂದು ಚುಕ್ಕೆ ಇಟ್ಟರು. ನೋಡಲೇಬೇಕಾದ್ದು ಎಂದರ್ಥ.

ಈಡನ್ ದಾಟಿದರೆ ವಿಕ್ಟೋರಿಯಾ ರಾಜ್ಯದ ಗಡಿ, ಕಾಡು, ಫೋನು ಸಿಗದ ದಾರಿ. ಮುಂದಿನ ನೂರಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ಹೇಳಿಕೊಳ್ಳುವಂಥ ಊರಿಲ್ಲದ ಕಾರಣ ಈಡನ್ನಿನಲ್ಲೇ ಡೀಸೆಲ್ ತುಂಬಿಸಬೇಕೆಂದು ಅಪ್ಪ ಕೆಂಪು ಪೆನ್ನಿನಲ್ಲಿ ಬರೆದರು. ಹೆದ್ದಾರಿಯಿಂದ ಒಳಗಿರುವ ಮಲ್ಲಕೂಟಾಗೆ ಹೋಗಬೇಕೋ ಬೇಡವೋ ಎಂಬ ಚರ್ಚೆ ನಡೆಯಿತು. 2019ರ ಕೊನೆಯ ದಿನ ಕಾಳ್ಗಿಚ್ಚು ಸುತ್ತುವರಿದಾಗ ಸಾವಿರಾರು ಜನ ಅಲ್ಲಿಯ ನೀರಿನ ಅಂಚಿಗೆ ಓಡಿ ನಿಂತದ್ದನ್ನೂ, ನೌಕಾಪಡೆಯ ಹಡಗು ಬಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕರೆದೊಯ್ದದ್ದನ್ನೂ ನಾವು ಸಿಡ್ನಿಯ ಹೊಗೆಯಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡಿದ್ದೆವು. ನನಗೆ ಹೋಗುವ ಮನಸ್ಸಿತ್ತು. ಆದರೆ ಐದನೆಯ ಹಾಲ್ಟ್ ಆದ ಲೇಕ್ಸ್ ಎಂಟ್ರೆನ್ಸ್‌ವರೆಗಿನ ಆ ದಿನದ ದಾರಿಯೇ 245 ಕಿಲೋಮೀಟರ್. ಮಲ್ಲಕೂಟಾ ಸೇರಿಸಿದರೆ ಕತ್ತಲಾಗುತ್ತದೆ. ಕತ್ತಲಾಗುವ ಹೊತ್ತಿಗೇ ಕಾಂಗರೂಗಳೂ ವೊಂಬ್ಯಾಟ್‌ಗಳೂ ರಸ್ತೆಗಿಳಿಯುವುದರಿಂದ, ಊರಿನ ಹೊರಗೆ ರಾತ್ರಿ ವ್ಯಾನ್ ಓಡಿಸಬಾರದೆಂದು ಬಾಡಿಗೆಯ ಕರಾರಿನಲ್ಲೇ ಇತ್ತು. ಮಲ್ಲಕೂಟಾ ಬಿಟ್ಟೆವು. ನನಗೆ ಅದೊಂದು ಕೊರತೆಯಾಗಿಯೇ ಉಳಿಯಿತು.

ಅದೇ ಕರಾರು ಆರನೆಯ ರಾತ್ರಿಗೂ ಅಡ್ಡ ಬಂತು. ಫಿಲಿಪ್ ದ್ವೀಪದಲ್ಲಿ ಒಂದು ಅಡಿಯಷ್ಟು ಎತ್ತರದ ಪುಟ್ಟ ಪೆಂಗ್ವಿನ್‌ಗಳು ಸೂರ್ಯ ಮುಳುಗಿದ ಮೇಲೆ ಗುಂಪುಗುಂಪಾಗಿ ಸಮುದ್ರದಿಂದ ಎದ್ದು ತಮ್ಮ ಬಿಲಗಳಿಗೆ ನಡೆದುಹೋಗುತ್ತವೆ. ಮಾರ್ಚ್ ನಡುವೆ ಅಲ್ಲಿ ಸೂರ್ಯಾಸ್ತ ಏಳೂವರೆಯ ಸುಮಾರಿಗೆ. ನೋಡಿ ಮುಗಿಯುವಷ್ಟರಲ್ಲಿ ಒಂಬತ್ತು ಗಂಟೆ. ನಾವು ತಂಗುವುದು ದ್ವೀಪದ ಇನ್ನೊಂದು ಬದಿಯ ಕೌಸ್ ಊರಿನಲ್ಲಿ. ನಡುವಿನ ದಾರಿಯ ತುಂಬ ಕಾಂಗರೂ ಜಾತಿಯ ಸಣ್ಣ ಪ್ರಾಣಿಗಳಾದ ವಾಲಬಿಗಳು. ಯಾರು ಹೇಗೆ ಯೋಚಿಸಿದರೂ ಬಗೆಹರಿಯದ ಇದನ್ನು ಕೊನೆಗೆ ಬಗೆಹರಿಸಿದ್ದು ಮೆಲ್ಬರ್ನ್‌ನಲ್ಲಿರುವ ಗೆಳತಿ. ಫೋನಿನಲ್ಲಿ ಕಥೆ ಕೇಳಿ, ತಾನೇ ಕಾರು ತಂದು ಎಲ್ಲರನ್ನೂ ಕರೆದೊಯ್ದು ವಾಪಸು ಬಿಡುತ್ತೇನೆ, ಆದರೆ ಚಳ್ಳಕೆರೆಯ ಕಡಲೆಬೀಜದ ಚಟ್ನಿಪುಡಿ ಬೇಕು ಎಂದಳು. ಏಳನೆಯ ದಿನ, ವ್ಯಾನ್ ಹಿಂತಿರುಗಿಸುವ ದಾರಿಯಲ್ಲಿ ಸಿಗುವ ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನವನ್ನು ಅಮ್ಮನೇ ಸೇರಿಸಿದರು.

ಪಾರ್ಕುಗಳ ಮುಂಗಡ ಪಾವತಿ ಮುಗಿಯುವಾಗ ಸಂಜೆ ಆರು. ಹೊರಗೆ ದಕ್ಷಿಣದ ತಂಗಾಳಿ ಎದ್ದಿತ್ತು, ಕಿಟಕಿಗಳನ್ನು ತೆರೆದೆವು. ಟ್ರಿಪ್ ಶೀಟಿನಲ್ಲಿ ಕೊನೆಯ ಎರಡು ಕಾಲಂ ಮಾತ್ರ ಖಾಲಿಯಿದ್ದವು. ಅಪ್ಪನಿಗೆ ಎಪ್ಪತ್ತೊಂದು ವರ್ಷ, ಲೈಸೆನ್ಸ್ ನವೀಕರಿಸಿಲ್ಲ. ಮೊದಲ ಮೂರು ದಿನಗಳ ಡ್ರೈವರ್ ಕಾಲಮ್ಮಿನಲ್ಲಿ ಅಳಿಯನ ಹೆಸರು, ಉಳಿದ ನಾಲ್ಕಕ್ಕೆ ನನ್ನ ಹೆಸರು ಬರೆದರು. ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಕಂಡಕ್ಟರ್ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಏಳು ಬಾರಿಯೂ ಪೂರ್ತಿಯಾಗಿ, ಇನಿಷಿಯಲ್ ಸಮೇತ, ತಮ್ಮ ಹೆಸರನ್ನು ಬರೆದು ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು.