ಏನು ಕಷಾಯ ಕುಡೀತಿದ್ರಿ ಮೇಡಂ?

ಕೊರೊನಾ ಕಾಲದಲ್ಲಿ ನಾನು ಒಂದು ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲ್‌ಗೆ ವಾರ್ಡನ್ ಆಗಿದ್ದೆ. ನನ್ನ ಕೆಲಸ ಪಾಠ ಮಾಡುವುದು, ವಾರ್ಡನ್‌ಗಿರಿ ತಲೆ ಮೇಲೆ ಬಂದು ಬಿದ್ದದ್ದು. ಇಷ್ಟು ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಒಂದೇ. "ಅಷ್ಟೊಂದು ಹುಡುಗೀರ ಮಧ್ಯೆ ಇದ್ರಲ್ಲ, ನಿಮಗೆ ಬರಲೇ ಇಲ್ವಾ? ಏನು ಕಷಾಯ ಕುಡೀತಿದ್ರಿ?"

ಬಂತು. 2022ರ ಜನವರಿಯಲ್ಲಿ, ಒಮಿಕ್ರಾನ್ ಊರಿಗೆಲ್ಲ ಬಂದಾಗ ನನಗೂ ಬಂತು. ಹಾಗೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಿದ್ದದ್ದು ರೆಸಿಪಿ.

ಕಷಾಯವನ್ನೂ ಕುಡಿದೆ. ಶುಂಠಿ, ಕಾಳುಮೆಣಸು, ತುಳಸಿ. ಗಂಟಲಿಗೆ ಹಿತ, ಈಗಲೂ ಮಳೆಗಾಲದಲ್ಲಿ ಕುಡಿಯುತ್ತೇನೆ. ಆದರೆ ಮೂವರು ಮಲಗುವ ರೂಮಿನಲ್ಲಿ ಒಬ್ಬಳಿಗೆ ಬಂದದ್ದು ಇನ್ನಿಬ್ಬರಿಗೆ ಹರಡದಂತೆ ತಡೆಯುವುದು ಅದರ ಕೈಲಾಗುವ ಕೆಲಸವಲ್ಲ.

ಹೋದ ವರ್ಷ ಒಂದು ಮದುವೆ ಊಟ. ಪಂಕ್ತಿಯಲ್ಲಿ ಪಕ್ಕಕ್ಕೆ ನಮ್ಮ ಯಜಮಾನರ ಚಿಕ್ಕಪ್ಪ. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಶುರು ಮಾಡಿದರು. "ಅಲ್ಲಮ್ಮಾ, ಹಾಸ್ಟೆಲ್ ಹುಡುಗೀರು ಅಂದ್ರೆ ಹೇಳಿದ ಮಾತು ಕೇಳೋರಲ್ಲ. ಹೆಂಗೆ ಕಂಟ್ರೋಲ್ ಮಾಡಿದೆ?"

"ಕಿಟಕಿ ತೆಗೆಸಿದೆ ಚಿಕ್ಕಪ್ಪ."

"ಅದಲ್ಲಮ್ಮಾ, ಔಷಧಿ ಏನು ಕೊಟ್ಟೆ?"

"ಔಷಧಿ ಏನಿಲ್ಲ. ಕಿಟಕಿ."

ಅವರು ಎದುರು ಸಾಲಿನವರ ಕಡೆ ತಿರುಗಿ, "ಪಾಪ, ಹೇಳೋಕೆ ಇಷ್ಟ ಇಲ್ಲ" ಎಂದರು. ಆಮೇಲೆ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಆದ್ದರಿಂದ ಕಿಟಕಿಯ ಕಥೆ ಕೇಳಿ. ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಕಿಟಕಿ ತೆಗೆಯುತ್ತಿರಲಿಲ್ಲ. ಸಂಜೆಯಾದರೆ ಸೊಳ್ಳೆ, ಹಗಲು ಹೊತ್ತು ಕೋತಿ. ಹುಡುಗಿಯರನ್ನು ಬೈದು ಪ್ರಯೋಜನವಿಲ್ಲ, ಜಾಲರಿ ಹಾಕಿಸಬೇಕು. ಅದಕ್ಕೆ ಫೈಲು, ಫೈಲಿಗೆ ಸಹಿ, ಸಹಿಗೆ ತಿಂಗಳುಗಟ್ಟಲೆ ಅಲೆದಾಟ. ಅದೇ ಗೇಟಿಗೆ, ಬೆಂಚಿಗೆ, ಮೆಟ್ಟಿಲಿಗೆ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕ ಹೊಡೆಸಲು ದುಡ್ಡು ಒಂದೇ ದಿನದಲ್ಲಿ ಬಂತು. ಹೊಡೆಯುವುದು ಕಣ್ಣಿಗೆ ಕಾಣುತ್ತದೆ, ಫೋಟೋ ಬರುತ್ತದೆ. ನಮ್ಮ ಮೇಲಿನವರನ್ನೇ ದೂರಿ ಏನು ಮಾಡುವುದು? ಇದು ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಗಾಳಿಯಾಡದ ಜಾಗದಲ್ಲಿ ಸ್ವಲ್ಪ ದೂರಕ್ಕೂ ಹರಡುತ್ತದೆ ಎಂದು ಅದು ನೇರವಾಗಿ ಬರೆಯುವ ಹೊತ್ತಿಗೆ 2021ರ ಏಪ್ರಿಲ್ ಮುಗಿಯುತ್ತಿತ್ತು. ನಮ್ಮ ಮೆಸ್‌ನಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಎರಡನೇ ಮಹಡಿಯವರು ಕೆಮ್ಮುತ್ತಾರೆ. ಆ ಘಾಟು ಬೆಂಚು ಒರೆಸಿದರೆ ಹೋಗುತ್ತದಾ?

ಮೆಸ್ಸೇ ದೊಡ್ಡ ತಲೆನೋವು. ಕ್ಲಾಸಿನಲ್ಲಿ ಮಾಸ್ಕ್ ಹಾಕಿ ಕೂತವರು ಊಟಕ್ಕೆ ಬಂದು ಮಾಸ್ಕ್ ತೆಗೆದು ಎದುರುಬದುರು ಕೂರುತ್ತಾರೆ, ದಿನವಿಡೀ ಕೂಡಿಟ್ಟ ಮಾತೆಲ್ಲ ಅಲ್ಲೇ ಆಡುತ್ತಾರೆ. ಟೇಬಲ್ಲುಗಳನ್ನು ಹೊರಗೆ ಹೊಂಗೆ ಮರದ ಕೆಳಗೆ ಹಾಕಿಸಿದೆ. ಸಾರಿಗೆ ಎಲೆ ಬೀಳುತ್ತದೆ ಎಂದು ದೂರು ಬಂತು. ಬೀಳಲಿ ಎಂದೆ.

ಗೇಟಿನಲ್ಲಿ ಜ್ವರ ನೋಡುವ ಗನ್ ಇತ್ತಲ್ಲ, ಅದರ ಪುರಾಣ ಬೇರೆ. ಬೆಳಗ್ಗೆ ಚಳಿಯಲ್ಲಿ ಸೆಕ್ಯುರಿಟಿಯವರು ಮಣಿಕಟ್ಟಿಗೆ ಹಿಡಿದರೆ ಎಲ್ಲರದ್ದೂ 93, 94. ಅಷ್ಟು ತಣ್ಣಗಿದ್ದವರನ್ನು ಕ್ಲಾಸಿಗಲ್ಲ, ಆಸ್ಪತ್ರೆಗೆ ಕಳಿಸಬೇಕಿತ್ತು. ಅಷ್ಟಕ್ಕೂ ಇದು ಜ್ವರ ಬರುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗುವ ರೋಗ. 2020ರ ನವೆಂಬರ್ 17ಕ್ಕೆ ಕಾಲೇಜು ತೆರೆದಾಗ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ರಿಪೋರ್ಟ್ ಬೇಕಿತ್ತು, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕಿತ್ತು. ಹುಡುಗಿಯರು ನೆಗೆಟಿವ್ ರಿಪೋರ್ಟ್ ಹಿಡಿದು ರಾತ್ರಿಯಿಡೀ ಕಿಕ್ಕಿರಿದ ಬಸ್ಸಿನಲ್ಲಿ ಬಂದರು. ಬಸ್ಸು ಹತ್ತಲು ರಿಪೋರ್ಟ್ ಬೇಕಿರಲಿಲ್ಲ.

ಲಸಿಕೆ? ಜೀವ ಉಳಿಸಿದ್ದು ಅದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ 2021ರ ನವೆಂಬರ್‌ನಲ್ಲಿ ಧಾರವಾಡದ ಒಂದು ಮೆಡಿಕಲ್ ಕಾಲೇಜಿನಲ್ಲಿ ಹೊಸಬರ ಸ್ವಾಗತದ ಕಾರ್ಯಕ್ರಮ ಆದ ಮೇಲೆ ಹೆಚ್ಚುಕಡಿಮೆ ಮುನ್ನೂರು ಜನಕ್ಕೆ ಹರಡಿತಲ್ಲ, ಅವರಲ್ಲಿ ಬಹುಪಾಲು ಜನ ಎರಡೂ ಡೋಸ್ ಹಾಕಿಸಿಕೊಂಡವರೇ. ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ. ಸೂಜಿ ಚುಚ್ಚಿಸಿಕೊಂಡರೂ ಗಾಳಿ ಬೇಕು ಅನ್ನುವುದಕ್ಕೆ ಇನ್ನೇನು ಹೇಳಲಿ?

ಸರಿ, ಇದೆಲ್ಲ ನೀವು ಕೇಳಿದ್ದಕ್ಕೆ. ಯಾರೂ ಕೇಳದ ಪ್ರಶ್ನೆ ಒಂದಿದೆ. "ಜ್ವರ ಬಂದ ಹುಡುಗಿಯರು ನಿಮಗೆ ಹೇಳ್ತಿದ್ರಾ?"

ಹೇಳುತ್ತಿರಲಿಲ್ಲ.

ಒಂದು ರಾತ್ರಿ ರೌಂಡ್ಸ್‌ಗೆ ಹೋದಾಗ ಒಬ್ಬಳು ಊಟಕ್ಕೆ ಬಂದಿಲ್ಲ ಎಂದು ಗೊತ್ತಾಯಿತು. ಬಾಗಿಲು ತೆಗೆದಳು. ಬೇಸಿಗೆಯಲ್ಲಿ ಸ್ವೆಟರ್. ಮಂಚದ ಮೇಲಿನ ಜಾಮಿಟ್ರಿ ಬಾಕ್ಸ್ ಅರ್ಧ ತೆರೆದಿತ್ತು. ಒಳಗೆ ಕೈವಾರದ ಪಕ್ಕ ಪ್ಯಾರಾಸಿಟಮಾಲ್ ಹಾಳೆ, ಎರಡು ಮಾತ್ರೆ ಬಿಟ್ಟು ಎಲ್ಲ ಖಾಲಿ. ಗೇಟು ದಾಟುವ ಮೊದಲು ಒಂದು ನುಂಗಿ ಹೋಗುತ್ತಿದ್ದಳಂತೆ. ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರೆ ಇಡೀ ಫ್ಲೋರ್ ಸೀಲ್ ಮಾಡ್ತೀರ ಮೇಡಂ. ಎಲ್ಲರದ್ದೂ ಇಂಟರ್ನಲ್ಸ್ ಹೋಗುತ್ತೆ. ಆಮೇಲೆ ಯಾರು ನನ್ನ ಜೊತೆ ಮಾತಾಡ್ತಾರೆ?"

ಅವಳ ಲೆಕ್ಕ ಸರಿಯಾಗಿತ್ತು. ಕೆಮ್ಮಿದವಳ ರೂಮ್ ನಂಬರ್ ನೋಟಿಸ್ ಬೋರ್ಡಿಗೆ, ಊರಿಗೆ ಫೋನು, ಪರೀಕ್ಷೆ ತಪ್ಪಿದರೆ ಮುಂದಿನ ಸೆಮಿಸ್ಟರ್. ಇಷ್ಟೆಲ್ಲ ಕಾದಿರುವಾಗ ಯಾವ ಹುಡುಗಿ ಬಾಯಿ ಬಿಡುತ್ತಾಳೆ? ನಾನಾದರೂ ಬಿಡುತ್ತಿರಲಿಲ್ಲ.

ಆಮೇಲೆ ನಾವು ಮಾಡಿದ್ದು ಸಣ್ಣಪುಟ್ಟ ಕೆಲಸ. ಬೋರ್ಡಿನಿಂದ ರೂಮ್ ನಂಬರ್ ತೆಗೆದೆವು. ಫ್ಲೋರ್ ಸೀಲ್ ಮಾಡುವ ಬದಲು ರೂಮಿನ ಮೂವರನ್ನು ಗೆಸ್ಟ್ ಹೌಸ್‌ಗೆ ಕಳಿಸಿ, ಬಾಗಿಲಿಗೇ ಊಟ ಮತ್ತು ಒಂದು ಆಕ್ಸಿಮೀಟರ್ ಇಟ್ಟೆವು. ಅದು ತೋರಿಸುವ ರಕ್ತದ ಆಮ್ಲಜನಕ ಶೇ. 94ಕ್ಕಿಂತ ಕೆಳಗಿಳಿದರೆ ನಡುರಾತ್ರಿ ಆದರೂ ಫೋನ್ ಮಾಡಿ ಎಂದೆವು. ತಪ್ಪಿದ ಇಂಟರ್ನಲ್ಸ್ ಮತ್ತೆ ಬರೆಸುತ್ತೇವೆ ಎಂದು ವಿಭಾಗದ ಮುಖ್ಯಸ್ಥರಿಂದ ಕಾಗದದಲ್ಲಿ ಬರೆಸಿಕೊಂಡೆ. ಬಾಯಿಮಾತು ನಂಬುವಷ್ಟು ದಡ್ಡರಲ್ಲ ಈ ಹುಡುಗಿಯರು. ಆ ಕಾಗದ ಅಂಟಿಸಿದ ವಾರವೇ ಬೆಳಗ್ಗೆ ನನ್ನ ಬಾಗಿಲ ಮುಂದೆ ಒಬ್ಬೊಬ್ಬರೇ ಬಂದು ನಿಲ್ಲತೊಡಗಿದರು. "ಗಂಟಲು ಕೆರೀತಿದೆ ಮೇಡಂ." "ಮೈಕೈ ನೋವು ಮೇಡಂ." ನನ್ನ ನಿದ್ದೆ ಹಾಳಾಯಿತು, ಆದರೆ ಅದಕ್ಕಿಂತ ಒಳ್ಳೆ ಥರ್ಮಾಮೀಟರ್ ನನಗೆ ಸಿಕ್ಕಿಲ್ಲ.

ಈಗ ಎಲ್ಲ ಮೊದಲಿನಂತೆ. ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ದಿನದ ಜ್ವರಕ್ಕೂ ಡಾಕ್ಟರ್ ಸರ್ಟಿಫಿಕೇಟ್. ಮೊನ್ನೆ ಮುಂದಿನ ಬೆಂಚಿನವಳು ಕಣ್ಣು ಮೂಗು ಕೆಂಪಗೆ ಮಾಡಿಕೊಂಡು ಸೀನುತ್ತಾ ಕೂತಿದ್ದಳು. ರೂಮಿಗೆ ಹೋಗಿ ಮಲಗು ಎಂದೆ. "ಅಟೆಂಡೆನ್ಸ್ ಮೇಡಂ" ಎಂದಳು. ಹಾಜರಿ ಹಾಕಿ ಕಳಿಸಿದೆ. ನಿಯಮದ ಪ್ರಕಾರ ತಪ್ಪು, ಗೊತ್ತು. ದೂರು ಕೊಡುವವರು ಕೊಡಿ, ನನ್ನ ಹೆಸರಿನ ಸ್ಪೆಲ್ಲಿಂಗ್ ಸರಿಯಾಗಿ ಬರೆಯಿರಿ.