ತಂಪು ಮಾಡದ ಏಸಿಗೆ ಗ್ಯಾಸ್ ಒಂದೇ ಕಾರಣವಲ್ಲ
ಏಪ್ರಿಲ್‌ನ ಬಿಸಿಲಿನಲ್ಲಿ ತುಮಕೂರಿನ ನಮ್ಮ ಮನೆಯ ಏಸಿಯನ್ನು 24 ಡಿಗ್ರಿಗೆ ಇಟ್ಟರೂ ಕೋಣೆ ತಂಪಾಗುತ್ತಿರಲಿಲ್ಲ. ನೋಡಲು ಬಂದ ಮೆಕ್ಯಾನಿಕ್ ಪರೀಕ್ಷಿಸುವ ಮೊದಲೇ ಗ್ಯಾಸ್ ತುಂಬಿಸಬೇಕೆಂದರು. ಆದರೆ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇರಲೇಬೇಕು, ಆ ಸೋರಿಕೆಯನ್ನು ಸರಿಪಡಿಸದೆ ತುಂಬಿಸಿದರೆ ದುಡ್ಡು ದಂಡವೆಂದು ನಾನು ಒಪ್ಪಲಿಲ್ಲ. ಮೇನ್ ಸ್ವಿಚ್ ಆರಿಸಿ ಫಿಲ್ಟರ್ ತೊಳೆದೆ, ತುಸು ವ್ಯತ್ಯಾಸವಾಯಿತು. ನಿಜವಾದ ತೊಂದರೆ ತಾರಸಿಯ ಮೇಲಿನ ಔಟ್‌ಡೋರ್ ಯೂನಿಟ್‌ನಲ್ಲಿತ್ತು: ರಸ್ತೆಯ ಕೆಂಪು ಧೂಳು ಅದರ ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಗಟ್ಟಿಯಾಗಿ ಕೂತಿದ್ದರಿಂದ, ಕೋಣೆಯಿಂದ ಹೊತ್ತು ತಂದ ಶಾಖವನ್ನು ಹೊರಗಿನ ಗಾಳಿಗೆ ಬಿಡಲು ದಾರಿಯೇ ಇರಲಿಲ್ಲ. ಪಟ್ಟಿಗಳು ಬಾಗದಂತೆ ಮೆದುವಾದ ನೀರಿನ ಧಾರೆಯಿಂದ ತೊಳೆದು, ಒಣಗಿದ ಮೇಲೆ ಚಾಲೂ ಮಾಡಿ ಅಳೆದಾಗ, ಏಸಿ ಒಳಗೆಳೆಯುವ ಗಾಳಿ 31 ಡಿಗ್ರಿಯಿದ್ದರೆ ಹೊರಬಿಡುವ ಗಾಳಿ 20 ಡಿಗ್ರಿಯಿತ್ತು.