ಪೇಂಟ್ ಮುಗಿದ ಮೇಲೆ ಬೇಸ್ ಮಾಡಬಹುದಾ?

ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವ ಹುಚ್ಚು ನನಗಿದೆ ಎಂದು ಗೊತ್ತಾದವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಬೇಸ್ ಎಂದರೆ ಗೊಂಬೆಯ ಕಾಲಡಿ ಇರುವ ಪುಟ್ಟ ಪೀಠ. "ಮಿನಿಯೇಚರ್ ಪೇಂಟ್ ಮಾಡಿ ಮುಗಿಸಿದ್ದೇನೆ. ಬೇಸ್ ಮಾತ್ರ ಬೋಳು ಬೋಳಾಗಿದೆ. ಈಗ ಮರಳು, ಹುಲ್ಲು ಅಂಟಿಸಬಹುದಾ? ಪೇಂಟ್ ಹಾಳಾಗಲ್ವಾ?"

ಅಂಟಿಸಬಹುದು. ನಾನೂ ಹೆಚ್ಚಾಗಿ ಹಾಗೇ ಮಾಡುವುದು. ಬೇಸನ್ನು ಬೇರೆಯಾಗಿ ಮುಗಿಸಿ, ಗೊಂಬೆಯ ಪಾದಕ್ಕೆ ಸಣ್ಣ ತೂತು ಕೊರೆದು, ತಂತಿ ಹಾಕಿ ಕೊನೆಗೆ ನಿಲ್ಲಿಸುವುದು ಹೆಚ್ಚು ಅಚ್ಚುಕಟ್ಟಾದ ದಾರಿ. ನನಗೆ ಅಷ್ಟು ತಾಳ್ಮೆ ಇಲ್ಲ.

ಆದರೆ ಒಂದು ಷರತ್ತು. ಅಂಟು ಮುಟ್ಟುವ ಮೊದಲು ಗೊಂಬೆಗೆ ಒಂದು ಕೋಟ್ ವಾರ್ನಿಶ್ ಹೊಡೆದು ಪೂರ್ತಿ ಒಣಗಲು ಬಿಡಿ. ಆಮೇಲೆ ಬೂಟಿನ ಮೇಲೆ ಅಂಟು ಬಿದ್ದರೂ, ಬೇಸಿನ ಕಂದು ಬಣ್ಣ ಪ್ಯಾಂಟಿಗೆ ತಾಗಿದರೂ, ಹಸಿಯಿದ್ದಾಗಲೇ ಒದ್ದೆ ಬ್ರಷ್ಷಿನಿಂದ ಒರೆಸಿಬಿಡಬಹುದು. ವಾರ್ನಿಶ್ ಇಲ್ಲದಿದ್ದರೆ ಒರೆಸುವಾಗ ನಿಮ್ಮ ಹೈಲೈಟೂ, ಅಂದರೆ ಉಬ್ಬುಗಳ ಮೇಲೆ ಹಚ್ಚಿದ ತಿಳಿ ಬಣ್ಣವೂ, ಜೊತೆಗೆ ಎದ್ದು ಬರಬಹುದು.

ಅಂಟು ಯಾವುದು? ಮರಳಿಗೆ ಬಿಳಿ ಅಂಟು, ಅಂದರೆ ಪಿವಿಎ. ನಿಧಾನಕ್ಕೆ ಒಣಗುತ್ತದೆ, ತಪ್ಪು ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಒಮ್ಮೆ ಅವಸರಕ್ಕೆ ಬಿದ್ದು ಸೂಪರ್ ಗ್ಲೂ ಸುರಿದೆ. ಮೇಲೆ ಡಬ್ಬಿ ಮುಚ್ಚಿಟ್ಟು ಮಲಗಿದೆ, ಧೂಳು ಕೂರಬಾರದು ಅಂತ! ಬೆಳಿಗ್ಗೆ ನೋಡಿದರೆ ಕಪ್ಪು ಮೇಲಂಗಿಯ ಸೈನಿಕ ಮೊಣಕಾಲಿನವರೆಗೆ ಬೂದಿ ಬಳಿದುಕೊಂಡಂತೆ ನಿಂತಿದ್ದ. ಸೂಪರ್ ಗ್ಲೂ ಗಟ್ಟಿಯಾಗುವಾಗ ಅದರಿಂದ ಆವಿ ಏಳುತ್ತದೆ. ಗಾಳಿಯಾಡದ ಜಾಗದಲ್ಲಿ ಆ ಆವಿ ಅಲ್ಲೇ ಸುತ್ತಮುತ್ತ ಬಿಳಿಯಾಗಿ ಕೂತುಬಿಡುತ್ತದೆ. ಮತ್ತೆ ವಾರ್ನಿಶ್ ಹಚ್ಚಿದೆ, ಮುಕ್ಕಾಲು ಭಾಗ ಮಾಯವಾಯಿತು. ಉಳಿದ ಕಾಲು ಭಾಗ ಈಗಲೂ ನನ್ನನ್ನು ನೋಡಿ ನಗುತ್ತದೆ.

ಮರಳಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಕಾಳಿನ ಗಾತ್ರದಲ್ಲಿ. 28 ಮಿಲಿಮೀಟರ್ ಗೊಂಬೆ ಎಂದರೆ ನಿಜವಾದ ಮನುಷ್ಯನಿಗಿಂತ ಸುಮಾರು 60 ಪಟ್ಟು ಚಿಕ್ಕದು. ಆ ಲೆಕ್ಕದಲ್ಲಿ 1 ಮಿಲಿಮೀಟರಿನ ಕಾಳು ಅವನಿಗೆ 6 ಸೆಂಟಿಮೀಟರಿನ ಕಲ್ಲು. ಬೇಸ್ ತುಂಬ ಅದನ್ನೇ ಸುರಿದರೆ ಪಾಪ, ಜಲ್ಲಿ ರಾಶಿಯ ಮೇಲೆ ನಿಂತ ಹಾಗೆ ಕಾಣುತ್ತಾನೆ. ಹಾಗಾಗಿ ಮರಳನ್ನು ಜರಡಿ ಹಿಡಿಯಿರಿ. ನುಣುಪಾದದ್ದು ಜಾಸ್ತಿ, ದಪ್ಪ ಕಾಳು ಅಲ್ಲೊಂದು ಇಲ್ಲೊಂದು, ಹರಳುಗಲ್ಲು ಒಂದೋ ಎರಡೋ. ದಪ್ಪ ಕಲ್ಲನ್ನು ಮೊದಲು ಇಡಿ, ಅದರ ಬುಡಕ್ಕೆ ಸಣ್ಣ ಮರಳು ಬರಲಿ. ನೆಲದಲ್ಲಿ ಕಲ್ಲು ಅರ್ಧ ಹೂತೇ ಇರುತ್ತದೆ ಅಲ್ವಾ? ತೋಟದ ಮಣ್ಣು, ಬೇರು, ತೊಗಟೆ ಎಲ್ಲವೂ ನಡೆಯುತ್ತದೆ, ಆದರೆ ಒಂಚೂರೂ ತೇವ ಉಳಿಯದಂತೆ ಒಣಗಿಸಿ. ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಮಣ್ಣಿನಂತೆ ತರಿತರಿಯಾಗಿ ಒಣಗುವ ರೆಡಿಮೇಡ್ ಟೆಕ್ಸ್ಚರ್ ಪೇಸ್ಟ್ ಇದ್ದರೆ ಇದಷ್ಟು ತಾಪತ್ರಯ ಇಲ್ಲ, ಕಡ್ಡಿಯಲ್ಲಿ ಹರಡಿದರಾಯಿತು.

ಪೇಂಟ್ ಆದ ಗೊಂಬೆಯಲ್ಲಿ ಕಷ್ಟದ ಜಾಗ ಪಾದದ ಸುತ್ತ. ಎಷ್ಟೋ ಗೊಂಬೆಗಳ ಕಾಲಡಿ ಅಚ್ಚಿನಲ್ಲೇ ಬಂದ ಸಣ್ಣ ಬಿಲ್ಲೆ ಇರುತ್ತದೆ. ಅದನ್ನು ಬೇಸಿಗೆ ಅಂಟಿಸಿದಾಗ ಒಂದು ಮೆಟ್ಟಿಲು ಉಳಿಯುತ್ತದೆ, ಗೊಂಬೆ ಮಣೆ ಮೇಲೆ ನಿಂತಂತೆ. ಬೇರೆ ಎಲ್ಲ ಚೆನ್ನಾಗಿದ್ದರೂ ಈ ಒಂದು ಮೆಟ್ಟಿಲು ಕಣ್ಣಿಗೆ ಚುಚ್ಚುತ್ತದೆ. ನಾನು ಬೇಸಿನ ಅಂಚಿನಿಂದ ಶುರುಮಾಡಿ ಒಳಗೆ ಬರುತ್ತೇನೆ. ಆ ಮೆಟ್ಟಿಲನ್ನು ಪೇಸ್ಟಿನಿಂದ ಇಳಿಜಾರು ಮಾಡುತ್ತೇನೆ. ಕೊನೆಗೆ ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೆಗೆದುಕೊಂಡು ಹಿಮ್ಮಡಿಯ ಪಕ್ಕ, ಬೆರಳಿನ ಮುಂದೆ ಚಿಟಿಕೆ ಚಿಟಿಕೆ ಮರಳು. ಬೂಟಿನ ಅಟ್ಟೆಯ ಅಂಚು ಒಂದಿಷ್ಟು ಮುಚ್ಚಿದರೂ ಪರವಾಗಿಲ್ಲ. ಮಣ್ಣಿನಲ್ಲಿ ನಿಂತವನ ಕಾಲು ಸ್ವಲ್ಪವಾದರೂ ಹುದುಗಬೇಕು. ಇಲ್ಲದಿದ್ದರೆ ಅವನಿಗೆ ತೂಕವೇ ಇಲ್ಲ ಅನ್ನಿಸುತ್ತದೆ.

ರಾತ್ರಿಯಿಡೀ ಒಣಗಲಿ. ಆಮೇಲೆ ನೀರು ಬೆರೆಸಿದ ಬಿಳಿ ಅಂಟನ್ನು ಮರಳಿನ ಮೇಲೆ ತೊಟ್ಟು ತೊಟ್ಟಾಗಿ ಬಿಡಿ, ಅದು ತಾನೇ ಒಳಗೆ ಇಳಿಯುತ್ತದೆ. ಇದನ್ನು ಬಿಟ್ಟರೆ ಪೇಂಟ್ ಮಾಡುವಾಗ ಮರಳು ಬ್ರಷ್ಷಿಗೆ ಅಂಟಿಕೊಂಡು ಬರುತ್ತದೆ.

ಬಣ್ಣ ಹಚ್ಚುವುದು ಸುಲಭ. ಗಾಢ ಕಂದು, ಅದು ಒಣಗಿದ ಮೇಲೆ ತಿಳಿ ಕಂದು ಡ್ರೈಬ್ರಷ್, ಕೊನೆಗೆ ಮೂಳೆ ಬಣ್ಣದ್ದು ಇನ್ನೂ ಹಗುರವಾಗಿ. ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ ಬಣ್ಣವೇ ಉಳಿದಿಲ್ಲ ಅನ್ನಿಸಿದಾಗ ಉಬ್ಬುಗಳ ಮೇಲೆ ಆಡಿಸಿ. ಪಾದದ ಹತ್ತಿರ ಮಾತ್ರ ಸಣ್ಣ ಬ್ರಷ್ ಹಿಡಿಯಿರಿ. ಕಪ್ಪು ಬಟ್ಟೆಯ ಗೊಂಬೆಗೆ ಕಪ್ಪು ನೆಲ ಬೇಡ, ಎರಡೂ ಒಂದರಲ್ಲೊಂದು ಕರಗಿಹೋಗುತ್ತವೆ.

ಡ್ರೈಬ್ರಷ್ಷಿನ ಬಣ್ಣ ಒಣಗುವ ಮೊದಲೇ ಅದರದ್ದೇ ಒಂಚೂರನ್ನು ಬೂಟಿಗೂ ಮೇಲಂಗಿಯ ಅಂಚಿಗೂ ತಾಗಿಸಿ. ಕಷ್ಟಪಟ್ಟು ಹೊಳೆಯಿಸಿದ ಬೂಟು, ಕೈ ಬರುವುದಿಲ್ಲ, ಗೊತ್ತು. ಆದರೂ ಮಾಡಿ. ಪೇಂಟ್ ಮುಗಿಸಿ ಬೇಸ್ ಮಾಡುವುದರಲ್ಲಿ ಇರುವ ಲಾಭ ಇದೇ. ನೆಲದ ಧೂಳು ಕಾಲಿಗೆ ಹತ್ತಿದ ಕೂಡಲೇ ಗೊಂಬೆಯೂ ಬೇಸೂ ಬೇರೆ ಬೇರೆ ಅನ್ನಿಸುವುದು ನಿಲ್ಲುತ್ತದೆ.

ಮ್ಯಾಟ್ ವಾರ್ನಿಶ್ ಇನ್ನೊಂದು ಕೋಟ್ ಬೇಕಿದ್ದರೆ ಈಗಲೇ ಹೊಡೆಯಿರಿ. ಹುಲ್ಲು ಅದಾದ ಮೇಲೆ, ಇಲ್ಲದಿದ್ದರೆ ಎಳೆಗಳು ಮಂಕಾಗುತ್ತವೆ. 6 ಮಿಲಿಮೀಟರ್ ಉದ್ದದ ಕುಚ್ಚು ಇವನಿಗೆ ಮೊಣಕಾಲಿನ ಹತ್ತಿರ ಬರುತ್ತದೆ, ಎರಡು ಸಾಕು. ಅವನ್ನು ನಾನು ಇಡುವುದು ಕೈ ತಪ್ಪಿದ ಜಾಗದಲ್ಲಿ. ಹೊರಗೆ ಚೆಲ್ಲಿದ ಅಂಟು, ಮುಚ್ಚದೆ ಉಳಿದ ಬಿಲ್ಲೆಯ ಅಂಚು, ಹೀಗೆ. ಇನ್ನು ಬೇಸಿನ ಸುತ್ತಂಚಿಗೆ ಕಪ್ಪು ಬಳಿದರೆ ಕೆಲಸ ಮುಗಿಯಿತು.